ಪೆಲೆಟ್ ಒಲೆ ಹೊಗೆ ಹಾಕುತ್ತಿದ್ದರೆ ದೋಷ ಎಲ್ಲಿ ಹುಡುಕಬೇಕು

ತುಮಕೂರು ಸುತ್ತಮುತ್ತ ಪೆಲೆಟ್ ಒಲೆ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಪೆಲೆಟ್ ಅಂದರೆ ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆಯಂಥದ್ದನ್ನು ಗಟ್ಟಿಯಾಗಿ ಒತ್ತಿ ಮಾಡಿದ ಸಣ್ಣ ಉರುವಲು ತುಂಡು. ಫೋನ್ ಮಾಡುವವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: "ಒಲೆ ಹೊಗೆ ಹಾಕ್ತಾ ಇದೆ, ಪೆಲೆಟ್ ಸರಿ ಇಲ್ಲ ಅನ್ಸುತ್ತೆ." ಕೆಲವು ಸಲ ಅದು ನಿಜವೂ ಹೌದು. ಆದರೂ ಈ ಒಲೆಯಲ್ಲಿ ಹೊಗೆ ಬಂದರೆ ಮೊದಲು ಗಾಳಿಯನ್ನೇ ಅನುಮಾನಿಸಬೇಕು. ಒಂದೋ ಉರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಹೊಗೆಗೆ ಹೊರಹೋಗುವ ದಾರಿ ಸಿಗುತ್ತಿಲ್ಲ. ಇವೆರಡನ್ನೂ ನೋಡದೆ ಪೆಲೆಟ್ ಮೂಟೆ ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಹೊಗೆ ಹೋಗುವುದಿಲ್ಲ.

ಇಲ್ಲಿ ಹೇಳುವುದು ಫ್ಯಾನ್ ಇರುವ, ಮೇಲಿನಿಂದ ಹೊತ್ತಿಸುವ ಅಡುಗೆ ಒಲೆಯ ವಿಷಯ. ಚಳಿ ದೇಶಗಳಲ್ಲಿ ಕೋಣೆ ಬೆಚ್ಚಗಿಡಲು ಬಳಸುವ ಪೆಲೆಟ್ ಒಲೆ ಬೇರೆ ಥರದ್ದು. ಅದರಲ್ಲಿ ಮೋಟಾರು ತಾನೇ ಪೆಲೆಟ್ ತಳ್ಳುತ್ತದೆ, ಹೊಗೆಯನ್ನು ಇನ್ನೊಂದು ಫ್ಯಾನ್ ಹೊರಗೆ ಹಾಕುತ್ತದೆ. ನಾನು ಕೈಯಾಡಿಸುವುದು ನಮ್ಮ ಅಡುಗೆ ಒಲೆಗಳಲ್ಲಿ.

ಮುಂದೆ ಓದುವ ಮುಂಚೆ ಒಂದು ಮಾತು

ಒಲೆ ಉರಿಯುವಾಗ ಮನೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋತಂತಾಗುವುದು ಕಂಡರೆ ದೋಷ ಹುಡುಕುತ್ತಾ ನಿಲ್ಲಬೇಡಿ. ಬಾಗಿಲು ಕಿಟಕಿ ತೆರೆಯುತ್ತಾ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಯಾರಾದರೂ ಎಚ್ಚರ ತಪ್ಪಿದ್ದರೆ 108ಕ್ಕೆ ಫೋನ್ ಮಾಡಿ, ಒಲೆ ಉರಿಯುತ್ತಿತ್ತು ಅಂತ ತಪ್ಪದೆ ಹೇಳಿ. ಇದು ಕಾರ್ಬನ್ ಮಾನಾಕ್ಸೈಡ್ ಕೆಲಸ ಇರಬಹುದು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. "ಹೊಗೆ ಕಾಣ್ತಿಲ್ಲ, ಹಾಗಾಗಿ ಏನೂ ಇಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಉರಿ ಆರಿ ಕೆಂಡ ಮಾತ್ರ ಉಳಿದಾಗಲೇ ಈ ಅನಿಲ ಜಾಸ್ತಿ ಬರುತ್ತದೆ. ಆಗ ಹೊಗೆ ಹೆಚ್ಚೂಕಡಿಮೆ ಇರುವುದೇ ಇಲ್ಲ.

ಒಲೆ ಹೇಗೆ ಉರಿಯುತ್ತದೆ

ಇದು ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದಂತೆ. ಪೆಲೆಟ್ ತುಂಬುವ ಡಬ್ಬಿಗೆ ಎರಡು ಪದರದ ಗೋಡೆ. ಫ್ಯಾನ್ ಗಾಳಿಯನ್ನು ಆ ಎರಡು ಗೋಡೆಗಳ ನಡುವೆ ನೂಕುತ್ತದೆ. ಸ್ವಲ್ಪ ಗಾಳಿ ತಳದ ಜಾಲರಿಯ ಮೂಲಕ ಪೆಲೆಟ್ ಒಳಗೆ ಹೋಗುತ್ತದೆ. ಉಳಿದದ್ದು ಮೇಲಂಚಿನ ಸುತ್ತ ಇರುವ ಸಣ್ಣ ತೂತುಗಳಿಂದ ಬರುತ್ತದೆ. ಕೆಳಗಿನ ಗಾಳಿಯಿಂದ ಪೆಲೆಟ್ ಕಾದು ಅನಿಲ ಬಿಡುತ್ತದೆ, ಆ ಅನಿಲವನ್ನು ಉರಿಸುವುದು ಮೇಲಿನ ಗಾಳಿ. ನೀವು ನೋಡುವ ಉರಿ ಪೆಲೆಟ್‌ನದ್ದಲ್ಲ, ಅದು ಬಿಟ್ಟ ಅನಿಲದ್ದು. ಅನಿಲ ಉರಿಯದೆ ಹಾಗೇ ಮೇಲೆ ಬಂದರೆ ಅದೇ ಹೊಗೆ.

ಆದ್ದರಿಂದ ಮೇಲಿನ ತೂತು ಮುಚ್ಚಿದರೆ ಒಂದು ಥರದ ತೊಂದರೆ, ಕೆಳಗಿನ ಜಾಲರಿ ಕಟ್ಟಿಕೊಂಡರೆ ಇನ್ನೊಂದು ಥರ, ಫ್ಯಾನ್ ಸೋತರೆ ಎರಡೂ ಒಟ್ಟಿಗೆ.

ಹೊತ್ತಿಸಿದ ಕೂಡಲೇ ದಟ್ಟ ಬಿಳಿ ಹೊಗೆ

ಮೊದಲ ಎರಡು ಮೂರು ನಿಮಿಷ ಸ್ವಲ್ಪ ಬಿಳಿ ಹೊಗೆ ಸಹಜ. ನಿಲ್ಲದಿದ್ದರೆ ಡಬ್ಬಿ ಎಷ್ಟು ತುಂಬಿದ್ದೀರಿ ನೋಡಿ. ಪೆಲೆಟ್ ಮೇಲಿನ ತೂತುಗಳಿಗಿಂತ ಕನಿಷ್ಠ ಒಂದು ಇಂಚು ಕೆಳಗಿರಬೇಕು. ಅಡುಗೆ ಜಾಸ್ತಿ ಇದೆ ಅಂತ ಕಂಠಪೂರ್ತಿ ತುಂಬಿದರೆ ತೂತುಗಳೇ ಪೆಲೆಟ್ ಒಳಗೆ ಹೂತುಹೋಗುತ್ತವೆ. ಆಮೇಲೆ ಎಷ್ಟು ಫ್ಯಾನ್ ಹಾಕಿದರೂ ಹೊಗೆಯೇ.

ಇನ್ನೊಂದು ಕಾರಣ, ಹೊತ್ತಿಸಿದ ಕೂಡಲೇ ಫ್ಯಾನ್ ಪೂರ್ತಿ ತಿರುಗಿಸುವುದು. ಸಣ್ಣ ಉರಿಯನ್ನು ಜೋರು ಗಾಳಿ ಆರಿಸಿಬಿಡುತ್ತದೆ, ಕೆಳಗಿನ ಪೆಲೆಟ್ ಮಾತ್ರ ಬೇಯುತ್ತಾ ಇರುತ್ತದೆ. ಮೇಲೆ ಒಣ ಚಕ್ಕೆ, ತೆಂಗಿನ ನಾರು ಹಾಕಿ ಹೊತ್ತಿಸಿ. ಮೇಲ್ಪದರದ ಪೆಲೆಟ್ ಅಂಚೆಲ್ಲ ಕೆಂಪಾದ ಮೇಲೆ ಮೆಲ್ಲಗೆ ಫ್ಯಾನ್ ಏರಿಸಿ.

ಉರಿ ಆರಿ ಬಿಳಿ ಹೊಗೆ ಮಾತ್ರ ಬುಸುಬುಸು ಬರುತ್ತಿದ್ದರೆ ದಯವಿಟ್ಟು ಒಲೆ ಮೇಲೆ ಬಗ್ಗಿ ನೋಡಬೇಡಿ. ಆ ಹೊಗೆ ಹೊತ್ತಿಕೊಳ್ಳುವ ಅನಿಲ. ಅದಕ್ಕೆ ಕಡ್ಡಿ ಗೀರಿದರೆ ಭಗ್ಗನೆ ಎದ್ದು ಮುಖ, ಹುಬ್ಬು, ಸೆರಗು ಹಿಡಿಯುತ್ತದೆ. ಹೊತ್ತಿಕೊಳ್ಳಲಿ ಅಂತ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಸುರಿಯುವುದಂತೂ ಯಾವ ಕಾರಣಕ್ಕೂ ಬೇಡ. ಬಿಸಿ ಪೆಲೆಟ್ ಮೇಲೆ ಬಿದ್ದ ಎಣ್ಣೆ ಉರಿಗಿಂತ ಮೊದಲು ಆವಿಯಾಗುತ್ತದೆ, ಬೆಂಕಿ ಆ ಆವಿ ಹಿಡಿದು ಕೈಯಲ್ಲಿರುವ ಡಬ್ಬದವರೆಗೂ ಬರುತ್ತದೆ. ಕಿಟಕಿ ಬಾಗಿಲು ತೆಗೆದು ದೂರ ನಿಲ್ಲಿ. ಸುಡದಂತೆ ಎತ್ತಲು ಹಿಡಿ ಇರುವ ಒಲೆಯಾದರೆ ಮಾತ್ರ ಅಂಗಳಕ್ಕೆ ಸಾಗಿಸಿ. ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಿ ಮತ್ತೆ ಶುರು ಮಾಡಿ.

ಹಳದಿ ಉರಿ, ಪಾತ್ರೆಗೆ ಮಸಿ

ಚೆನ್ನಾಗಿ ಉರಿಯುವ ಪೆಲೆಟ್ ಒಲೆ ಪಾತ್ರೆಗೆ ಅಷ್ಟಾಗಿ ಮಸಿ ಹಿಡಿಸುವುದಿಲ್ಲ. ಉರಿ ಉದ್ದವಾಗಿ, ಸೋಮಾರಿಯಾಗಿ, ಹಳದಿಯಾಗಿ ಪಾತ್ರೆ ಪಕ್ಕದಿಂದ ಹೊರಗೆ ನೆಕ್ಕುತ್ತಿದ್ದರೆ ಮೇಲಿನ ಗಾಳಿ ಸಾಲದು.

ಒಲೆ ಪೂರ್ತಿ ತಣ್ಣಗಿದ್ದಾಗ, ಖಾಲಿ ಮಾಡಿ, ಟಾರ್ಚ್ ಹಿಡಿದು ಒಳಗೆ ನೋಡಿ. ನಾನು ಬಿಚ್ಚುವ ಒಲೆಗಳಲ್ಲಿ ಮೇಲಂಚಿನ ತೂತುಗಳು ಒಂದು ಬದಿಯಲ್ಲಿ ಮುಚ್ಚಿರುವುದೇ ಜಾಸ್ತಿ. ಮುಚ್ಚಿರುವುದು ಬೂದಿಯಲ್ಲ. ಉಕ್ಕಿದ ಹಾಲು, ಅನ್ನದ ಗಂಜಿ, ಬೇಳೆ ನೊರೆ ಸುಟ್ಟು ಕರಿ ಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅಡುಗೆಯವರು ಸೌಟು ಆಡಿಸುವ ಬದಿಯಲ್ಲೇ ಉಕ್ಕುವುದು ಹೆಚ್ಚು, ಹಾಗಾಗಿ ಆ ಬದಿಯ ತೂತು ಮೊದಲು ಮುಚ್ಚುತ್ತದೆ, ಉರಿ ಇನ್ನೊಂದು ಬದಿಗೆ ವಾಲುತ್ತದೆ. ಉರಿ ವಾಲಿದೆ ಅಂದರೆ ತೂತು ನೋಡಿ, ಬೇರೆ ಯೋಚನೆ ಆಮೇಲೆ. ತೆಳು ತಂತಿಯಿಂದ ಒಂದೊಂದೇ ತೂತು ಬಿಡಿಸಿ. ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ. ತೂತಿನ ಅಳತೆ ಕೆಟ್ಟರೆ ಗಾಳಿಯ ಹಂಚಿಕೆ ಕೆಡುತ್ತದೆ, ಅದನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ.

ಪಾತ್ರೆಯೂ ಕಾರಣ ಆಗಬಹುದು. ದೊಡ್ಡ ಚಪ್ಪಟೆ ತಳದ ಪಾತ್ರೆ ಒಲೆಯ ಬಾಯಿಗೆ ಅಂಟಿ ಕೂತರೆ ಉರಿಗೆ ಉಸಿರೇ ಇಲ್ಲ. ಒಲೆ ಮೇಲೆ ಪಾತ್ರೆ ಹೊರುವ ಗುಬ್ಬಿಗಳು ಬಗ್ಗಿವೆಯೇ ನೋಡಿ. ಪಾತ್ರೆ ಮತ್ತು ಅಂಚಿನ ನಡುವೆ ಒಂದು ಬೆರಳಿನಷ್ಟು ಸಂದು ಇರಬೇಕು. ನಮ್ಮ ಕಡೆ ಗುಬ್ಬಿ ಬಗ್ಗುವುದು ಮುದ್ದೆ ತಿರುವಿದಾಗ. ಹಿಟ್ಟು ಹಾಕಿ ಕೋಲಿನಿಂದ ಗಟ್ಟಿಯಾಗಿ ತಿರುವುವ ಕೆಲಸವನ್ನು ಈ ಒಲೆ ಮೇಲೆ ಮಾಡಲೇಬೇಡಿ. ಒಲೆ ಹಗುರ, ಜಾರುತ್ತದೆ, ಕೆಂಡದ ಸಮೇತ ಕಾಲ ಮೇಲೆ ಬೀಳುತ್ತದೆ. ಪಾತ್ರೆ ನೆಲಕ್ಕಿಳಿಸಿ, ಹಿಂದೆ ಮಾಡುತ್ತಿದ್ದ ಹಾಗೆ ಕವೆಗೋಲಿನಲ್ಲಿ ಒತ್ತಿ ಹಿಡಿದು ತಿರುವಿ, ಆಮೇಲೆ ಸಣ್ಣ ಉರಿಯಲ್ಲಿ ಬೇಯಲು ಇಡಿ.

ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ

ಸದ್ದು ಕೇಳಿಸಿದರೆ ಫ್ಯಾನ್ ಸರಿ ಇದೆ ಅಂತ ಅಲ್ಲ. ತಣ್ಣಗಿರುವ ಖಾಲಿ ಒಲೆಗೆ ಫ್ಯಾನ್ ಹಾಕಿ, ತೆಳು ಕಾಗದದ ಪಟ್ಟಿಯೊಂದನ್ನು ಮೇಲಿನ ತೂತುಗಳ ಮುಂದೆ ಸುತ್ತಲೂ ಹಿಡಿಯುತ್ತಾ ಹೋಗಿ. ಎಲ್ಲ ಕಡೆ ಒಂದೇ ಸಮ ಅಲುಗಬೇಕು.

ಎಲ್ಲ ಕಡೆಯೂ ಸೋತಿದ್ದರೆ ಫ್ಯಾನಿನ ಬಾಯಿ ನೋಡಿ. ಈ ಒಲೆಗಳ 12 ವೋಲ್ಟ್ ಫ್ಯಾನ್ ಕೆಳಗಿರುತ್ತದೆ, ನೆಲದ ಧೂಳು, ಕೂದಲು, ಬೂದಿ ಎಳೆದುಕೊಳ್ಳುತ್ತದೆ. ಒಣ ಬ್ರಷ್‌ನಿಂದ ಕ್ಲೀನ್ ಮಾಡಿ, ನೀರು ಬೇಡ. ಆಮೇಲೆ ಮಲ್ಟಿಮೀಟರ್ ಇಟ್ಟು ಫ್ಯಾನ್ ತಿರುಗುತ್ತಿರುವಾಗಲೇ ಅಡಾಪ್ಟರ್ ಎಷ್ಟು ಕೊಡುತ್ತಿದೆ ನೋಡಿ. ತಂತಿ ಬಿಚ್ಚಿ ಅಳೆದರೆ ಸೋತ ಅಡಾಪ್ಟರ್ ಕೂಡ 12 ತೋರಿಸುತ್ತದೆ, ಫ್ಯಾನ್ ಜೋಡಿಸಿದ ಕೂಡಲೇ 8ಕ್ಕೋ 9ಕ್ಕೋ ಇಳಿದುಬಿಡುತ್ತದೆ. ಬ್ಯಾಟರಿ ಆದರೆ, ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.6ರ ಹತ್ತಿರ ತೋರಿಸಬೇಕು. 11.8ಕ್ಕೆ ಬಂದಿದ್ದರೆ ಅದು ಖಾಲಿ.

ಅಡುಗೆ ಮಧ್ಯೆ ಕರೆಂಟ್ ಹೋದರೆ ಏನಾಗುತ್ತದೆ ಅನ್ನುವುದನ್ನು ಒಲೆ ತೆಗೆದುಕೊಳ್ಳುವಾಗಲೇ ಯೋಚಿಸಬೇಕು. ಫ್ಯಾನ್ ನಿಂತರೆ ಹೊಗೆ ತುಂಬುವುದಷ್ಟೇ ಅಲ್ಲ, ಕೆಂಡದ ಕಾವು ಕೆಳಗಿಳಿದು ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆ ಬಾಗುತ್ತದೆ. ಮಾರನೇ ದಿನ ಫ್ಯಾನ್ ತಿರುಗುತ್ತದೆ, ಸದ್ದೂ ಬರುತ್ತದೆ, ಗಾಳಿ ಮಾತ್ರ ಇಲ್ಲ. ಬ್ಯಾಟರಿ ಬ್ಯಾಕಪ್ ಇಲ್ಲದ ಫ್ಯಾನ್ ಒಲೆಯನ್ನು ಮನೆಯೊಳಗೆ ಕೂರಿಸಲು ನಾನು ಒಪ್ಪುವುದಿಲ್ಲ. ಅಡುಗೆ ಮುಗಿದ ಮೇಲೂ ಒಲೆ ತಣಿಯುವವರೆಗೆ ಫ್ಯಾನ್ ಸಣ್ಣಗೆ ತಿರುಗುತ್ತಿರಲಿ.

ಬೆಳಿಗ್ಗೆ ಹೊಗೆ, ಸಂಜೆ ಇಲ್ಲ

ತುಮಕೂರಿನ ಹೊಸ ಬಡಾವಣೆಯೊಂದರ ಮನೆ. ಒಲೆ ಹೊಸದು, ಪೆಲೆಟ್ ಒಳ್ಳೆಯದು, ಅಡಾಪ್ಟರ್ ಸರಿ ಇತ್ತು. ಒಲೆ ಮೇಲೆ ತಗಡಿನ ಹುಡ್, ಅಲ್ಲಿಂದ ಚಿಮಣಿ ಕೊಳವೆ. ಸಂಜೆ ಅಡುಗೆಗೆ ಏನೂ ತೊಂದರೆ ಇಲ್ಲ, ಬೆಳಿಗ್ಗೆ ಮಾತ್ರ ಮನೆ ತುಂಬ ಹೊಗೆ. ಮನೆಯವರು ಮೊದಲು ಪೆಲೆಟ್ ಬದಲಿಸಿದ್ದರು, ಆಮೇಲೆ ಫ್ಯಾನ್ ಬದಲಿಸಿದ್ದರು.

ನಾನು ಹೋದಾಗ ಒಲೆ ಮುಟ್ಟಲಿಲ್ಲ. ಒಂದು ಊದುಬತ್ತಿ ಹಚ್ಚಿ ಹುಡ್ ಬಾಯಿಗೆ ಹಿಡಿದೆ. ಹೊಗೆ ಮೇಲೆ ಹೋಗುವ ಬದಲು ಕೆಳಗೆ, ನನ್ನ ಮುಖದ ಕಡೆಗೆ ಬಂತು. ಚಿಮಣಿ ಗಾಳಿಯನ್ನು ಒಳಗೆ ತರುತ್ತಿತ್ತು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಆರಿಸಲು ಹೇಳಿದೆ. ಊದುಬತ್ತಿಯ ಎಳೆ ಒಂದು ಕ್ಷಣ ತಡೆದು, ನೆಟ್ಟಗೆ ಮೇಲೆ ಎದ್ದಿತು.

ಬೆಳಿಗ್ಗೆ ಚಳಿ, ಸೊಳ್ಳೆ ಅಂತ ಅಲ್ಯೂಮಿನಿಯಂ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಒಗ್ಗರಣೆ ಘಾಟಿಗೆ ಎಕ್ಸಾಸ್ಟ್ ಹಾಕುತ್ತಿದ್ದರು. ಎಕ್ಸಾಸ್ಟ್ ಹೊರಗೆ ಹಾಕಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು ಅಲ್ವಾ? ತೆರೆದಿದ್ದ ದಾರಿ ಒಂದೇ, ಚಿಮಣಿ. ಸಂಜೆ ಹಿತ್ತಲ ಬಾಗಿಲು ತೆರೆದೇ ಇರುತ್ತಿತ್ತು, ಹಾಗಾಗಿ ತೊಂದರೆ ಇರಲಿಲ್ಲ. ಹಿಂದಿನ ಹೆಂಚಿನ ಮನೆಗಳಲ್ಲಿ ಸಂದಿಗೊಂದಿಯಿಂದ ಗಾಳಿ ಬರುತ್ತಿತ್ತು, ಈ ತೊಂದರೆ ಯಾರಿಗೂ ಗೊತ್ತಿರಲಿಲ್ಲ. ಆರ್‌ಸಿಸಿ ಮನೆಗಳಲ್ಲಿ ಇದನ್ನು ಮೊದಲೇ ನೋಡಬೇಕು. ಒಲೆಯ ಎತ್ತರಕ್ಕಿಂತ ಕೆಳಗೆ, ಹೊರಗೋಡೆಯಲ್ಲಿ ಮುಚ್ಚಲಾಗದ ಒಂದು ಜಾಲರಿ ಕಿಂಡಿ ಇಡಿಸಿ. ಆ ಮನೆಗೆ ನಾವು ಮಾಡಿದ್ದು ಅಷ್ಟೇ. ಒಲೆ ಉರಿಯುವಾಗ ಎಕ್ಸಾಸ್ಟ್ ಬೇಡ ಅಂತಲೂ ಹೇಳಿ ಬಂದೆ.

ಧನುರ್ಮಾಸದ ಚಳಿಯಲ್ಲಿ ಇನ್ನೊಂದು ಆಗುತ್ತದೆ. ರಾತ್ರಿಯೆಲ್ಲ ತಣ್ಣಗಾದ ಕೊಳವೆಯೊಳಗಿನ ಭಾರದ ಗಾಳಿ ಮೇಲೇಳುವುದಿಲ್ಲ. ಹೊತ್ತಿಸುವ ಮುಂಚೆ ಕೊಳವೆಯ ಬುಡದಲ್ಲಿ ಒಂದು ಹಾಳೆ ಕಾಗದ ಉರಿಸಿ ಕೊಳವೆ ಬೆಚ್ಚಗೆ ಮಾಡಿದರೆ ಎಳೆತ ಶುರುವಾಗುತ್ತದೆ. ಇದನ್ನು ಮಸಿ ತೆಗೆದ ಕೊಳವೆಯಲ್ಲಿ ಮಾತ್ರ ಮಾಡಿ.

ಚಿಮಣಿ

ಪಿವಿಸಿ ಕೊಳವೆಯನ್ನು ಚಿಮಣಿ ಮಾಡಿರುವುದನ್ನು ಈಗಲೂ ನೋಡುತ್ತೇನೆ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆತ್ತಗಾಗುತ್ತದೆ. ಇವತ್ತೇ ತೆಗೆಸಿ. ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಒಳ್ಳೆಯದು. 90 ಡಿಗ್ರಿ ಮೂಲೆ ಕೊಡುವ ಬದಲು 45 ಡಿಗ್ರಿಯ ಎರಡು ಬಾಗು ಕೊಡಿ. ತುದಿ ಮಾಳಿಗೆಗಿಂತ ಕನಿಷ್ಠ 3 ಅಡಿ ಮೇಲಿರಬೇಕು. 10 ಅಡಿಯೊಳಗೆ ಪಕ್ಕದ ಗೋಡೆ, ಸಿಂಟೆಕ್ಸ್ ಟ್ಯಾಂಕಿನ ಕಟ್ಟೆ ಇದ್ದರೆ ಅದಕ್ಕಿಂತ 2 ಅಡಿ ಮೇಲೆ. ಮರದ ತೊಲೆ, ಸೋಗೆ, ಥರ್ಮೊಕೋಲ್ ಸೀಲಿಂಗ್ ಮೂಲಕ ಕೊಳವೆ ಸುಮ್ನೆ ತೂರಿಸಬೇಡಿ, ಸುತ್ತ ಬೆಂಕಿ ಹಿಡಿಯದ ಹೊದಿಕೆ ಮತ್ತು ಜಾಗ ಬೇಕು.

ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಹೊಗೆ ಕೊಳವೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿತ್ತು. 1980ರ ದಶಕದಲ್ಲಿ ಹರಡಿದ ಅಸ್ತ್ರ ಒಲೆ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಅಡುಗೆಮನೆಯಿಂದ ಆಚೆ ಕಳಿಸಿತು. ಇವತ್ತಿಗೂ ಅದನ್ನು ಗೌರವದಿಂದ ನೆನೆಯುತ್ತೇನೆ. ಆದರೆ ಹಳೆಯ ಸೌದೆ ಒಲೆಯ ಕೊಳವೆ ಕೆಳಗೆ ಪೆಲೆಟ್ ಒಲೆ ತಂದಿಟ್ಟರೆ ಕೆಲಸ ಮುಗಿಯಲಿಲ್ಲ. ಮೊದಲು ಆ ಕೊಳವೆಯ ಮಸಿ ತೆಗೆಯಬೇಕು. ಕಲ್ನಾರಿನ (ಆಸ್ಬೆಸ್ಟಾಸ್) ಕೊಳವೆಯಾಗಿದ್ದರೆ ಕೊಯ್ಯುವುದು, ಉಜ್ಜುವುದು ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಟ್ಟು ಹೊಸದು ಹಾಕಿಸಿ.

ಕೊಳವೆಯೊಳಗೆ ಮಸಿ ಪುಡಿಪುಡಿಯಾಗಿದ್ದರೆ ಬ್ರಷ್‌ಗೆ ಬರುತ್ತದೆ. ಟಾರಿನ ಹಾಗೆ ಹೊಳೆಯುತ್ತಾ ಅಂಟಿದ್ದರೆ ಒಲೆ ತುಂಬ ದಿನದಿಂದ ಗಾಳಿ ಇಲ್ಲದೆ ಉರಿದಿದೆ ಅಂತ ಅರ್ಥ, ಅದು ಕೊಳವೆಯೊಳಗೇ ಬೆಂಕಿ ಹಿಡಿಯಬಹುದು. ಕೊಳವೆಯಿಂದ ಗುಡುಗುವ ಸದ್ದು ಬಂದರೆ ಫ್ಯಾನ್ ಆರಿಸಿ, ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಕಾದ ಕೊಳವೆಗೆ ನೀರು ಸುರಿಯಬೇಡಿ.

ಇಷ್ಟೆಲ್ಲ ಆದ ಮೇಲೆ ಪೆಲೆಟ್

ಒಳ್ಳೆಯ ಪೆಲೆಟ್ 6 ಅಥವಾ 8 ಮಿಲಿಮೀಟರ್ ದಪ್ಪ, ಮೈ ನುಣುಪು, ಮುರಿದರೆ ಟಕ್ ಅನ್ನುತ್ತದೆ. ತೇವ 10 ಶೇಕಡಾ ಒಳಗಿರಬೇಕು. ಒಂದು ಲೋಟ ನೀರಿಗೆ ಹಾಕಿ: ಗಟ್ಟಿಯಾಗಿ ಒತ್ತಿದ ಪೆಲೆಟ್ ಮುಳುಗುತ್ತದೆ, ಸಡಿಲವಾದದ್ದು ತೇಲುತ್ತದೆ. ತೇವದ ಅನುಮಾನ ಇದ್ದರೆ ಒಂದು ಹಿಡಿ ಪೆಲೆಟನ್ನು ಒಣ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಬಿಸಿಲಲ್ಲಿಡಿ. ಒಳಗೋಡೆಗೆ ಹಬೆ ಕಟ್ಟಿದರೆ ತೇವ ಇದೆ. ಮಳೆ ಜಾಸ್ತಿ ಬರುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮೂಟೆಯನ್ನು ನೆಲಕ್ಕೆ ತಾಗಿಸಿ ಇಟ್ಟವರಿಗೆಲ್ಲ ಈ ತೊಂದರೆ. ಊದಿಕೊಂಡು ಪುಡಿಯಾದ ಪೆಲೆಟ್ ಒಣಗಿಸಿದರೂ ಮತ್ತೆ ಕೂಡಿಕೊಳ್ಳುವುದಿಲ್ಲ. ಪುಡಿ ಗಾಳಿಯ ಸಂದುಗಳನ್ನು ಮುಚ್ಚುತ್ತದೆ, ಹಾಗಾಗಿ ಜರಡಿ ಹಿಡಿದೇ ತುಂಬಿ.

ಒಲೆ ಚೆನ್ನಾಗಿ ಹೊತ್ತಿ, ಅರ್ಧ ದಾರಿಯಲ್ಲಿ ಸೋಲುತ್ತಿದ್ದರೆ ತಳದ ಜಾಲರಿ ನೋಡಿ. ಕರಗಿ ಗಟ್ಟಿಯಾದ ಗಾಜಿನಂಥ ಉಂಡೆ ಸಿಕ್ಕರೆ ಅದು ಕಿಟ್ಟ. ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ ಇದ್ದರೆ ಅದು ಕಡಿಮೆ ಕಾವಿಗೇ ಕರಗಿ ಹೀಗೆ ಕಟ್ಟಿಕೊಳ್ಳುತ್ತದೆ. ಮರದ ಹೊಟ್ಟಿನ ಒಳ್ಳೆಯ ಪೆಲೆಟ್‌ನಲ್ಲಿ ಬೂದಿ 1 ಶೇಕಡಾ ಆಸುಪಾಸು. ಪಾವಗಡ, ಸಿರಾ, ಮಧುಗಿರಿ ಕಡೆಯ ಕಡಲೆಕಾಯಿ ಸಿಪ್ಪೆಯಿಂದ ಮಾಡಿದ್ದರಲ್ಲಿ ಅದರ ಹಲವು ಪಟ್ಟು. ಭತ್ತದ ಹೊಟ್ಟಿನದ್ದರಲ್ಲಂತೂ 15ರಿಂದ 20 ಶೇಕಡಾ ಬೂದಿಯೇ. ತೆಂಗಿನ ಸಿಪ್ಪೆಯಲ್ಲೂ ಪೊಟ್ಯಾಶ್ ಜಾಸ್ತಿ. ಕಡಲೆಕಾಯಿ ಸಿಪ್ಪೆಯ ಪೆಲೆಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನಮ್ಮ ಊರಿನ ಮಾಲು ನಮ್ಮ ಒಲೆಯಲ್ಲಿ ಉರಿಯಬೇಕು ಅನ್ನುವುದೇ ನನ್ನ ಆಸೆ. ಆದರೆ ಅದನ್ನು ಹಾಕುವವರು ಪ್ರತಿ ಸಲವೂ ಜಾಲರಿ ತೆಗೆದು ಬಡಿಯಬೇಕು, ಫ್ಯಾನ್ ಅತಿ ಜೋರು ಮಾಡಬಾರದು. ಕಾವು ಏರಿದಷ್ಟೂ ಕಿಟ್ಟ ಜಾಸ್ತಿ. ಬಣ್ಣ ಹೊಡೆದ ಮರ, ಪ್ಲೈವುಡ್ ಪುಡಿಯ ಪೆಲೆಟ್ ಎಷ್ಟು ಅಗ್ಗ ಸಿಕ್ಕರೂ ಬೇಡ. ಮೂಗು ಕಣ್ಣು ಉರಿಯುವಂಥ ಘಾಟು ಬಂದರೆ ಅದೇ ಗುರುತು.

ಮೂಟೆಗಳನ್ನು ಇಡುವ ಕೋಣೆಗೆ ಕಿಟಕಿ ಇರಲಿ. ಮರದ ಪೆಲೆಟ್ ಉರಿಯದೆ ಸುಮ್ಮನೆ ಬಿದ್ದಿದ್ದಾಗಲೂ ಸ್ವಲ್ಪ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಯುರೋಪಿನಲ್ಲಿ ಮುಚ್ಚಿದ ದೊಡ್ಡ ದಾಸ್ತಾನು ಕೋಣೆಗೆ ಇಳಿದವರು ಸತ್ತಿದ್ದಾರೆ. ಮನೆಯ ನಾಲ್ಕು ಮೂಟೆಗೆ ಅಷ್ಟು ಭಯ ಬೇಡ, ಆದರೆ ಮಲಗುವ ಕೋಣೆಯ ಮಂಚದ ಕೆಳಗೆ ಪೇರಿಸಬೇಡಿ.

ಬಾಣಂತಿ ಕೋಣೆಯ ಕೆಂಡ

ಇದನ್ನು ಬೇರೆಯಾಗಿಯೇ ಹೇಳುತ್ತೇನೆ. ಹಸುಗೂಸಿಗೆ ಬೆಚ್ಚಗಿರಲಿ, ಸಾಂಬ್ರಾಣಿ ಹಾಕಲಿ ಅಂತ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈಗ ಅದಕ್ಕೆ ಪೆಲೆಟ್ ಒಲೆಯ ಕೆಂಡ ತುಂಬಿಕೊಂಡು ಹೋಗುತ್ತಾರೆ. ಕೆಲವರು ಒಲೆಯನ್ನೇ ಒಯ್ದು ಇಡುತ್ತಾರೆ. ಗಾಳಿ ಬರದಂತೆ ಬಾಗಿಲು ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ ಕೋಣೆ ಅದು. ಕೆಂಡ ಅತಿ ಹೆಚ್ಚು ವಿಷ ಬಿಡುವ ಹೊತ್ತು, ತಾಯಿ ಮಗು ನಿದ್ದೆಯಲ್ಲಿರುವ ಹೊತ್ತು, ಎರಡೂ ಒಂದೇ. ಮಗುವಿಗೆ ತಲೆನೋವು ಅಂತ ಹೇಳಲು ಬರುವುದಿಲ್ಲ. ಅಜ್ಜಿಯಂದಿರ ಜೊತೆ ಈ ವಿಷಯದಲ್ಲಿ ನಾನು ಜಗಳ ಆಡಿದ್ದೇನೆ, ಮುಂದೆಯೂ ಆಡುತ್ತೇನೆ. ಕೋಣೆ ಬೆಚ್ಚಗಾಗಬೇಕಾದರೆ ಹೊದಿಕೆ, ಟೋಪಿ, ತಾಯಿಯ ಮೈಯ ಬಿಸಿ ಸಾಕು. ಕೆಂಡ ಬೇಡ.

ಮಲಗುವ ಕೋಣೆ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಹೊಗೆ ಅಲಾರಂ ಇದಕ್ಕೆ ಆಗುವುದಿಲ್ಲ. ಅಲಾರಂ ಕೂಗಲಿಲ್ಲ ಅಂದರೆ ಎಲ್ಲ ಸರಿ ಅಂತಲೂ ಅಲ್ಲ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ 70 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಈ ಅನಿಲ) ಇದ್ದಾಗ ಅದು ಕೂಗುವುದು 1ರಿಂದ 4 ಗಂಟೆಯ ನಡುವೆ, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ. ಅಲಾರಂ ಸುಮ್ಮನಿದ್ದು ನಿಮಗೆ ತಲೆ ಸುತ್ತುತ್ತಿದ್ದರೆ ನಿಮ್ಮ ತಲೆಯನ್ನೇ ನಂಬಿ, ಹೊರಗೆ ಬನ್ನಿ.

ಒಲೆ ಇಡುವ ಜಾಗ, ಬೂದಿ

ಗ್ಯಾಸ್ ಸಿಲಿಂಡರ್ ಇರುವ ಕಟ್ಟೆ ಮೇಲೆ, ಅದರ ಪಕ್ಕದಲ್ಲಿ ಪೆಲೆಟ್ ಒಲೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ಕೆಂಡದವರೆಗೆ ಬರುತ್ತದೆ. ಒಲೆ ಕೆಳಗೆ ಕಡಪ ಕಲ್ಲು, ಸಿಮೆಂಟ್ ನೆಲ ಇರಲಿ.

ಬೂದಿಯೊಳಗಿನ ಕೆಂಡ ಒಂದು ದಿನ ಕಳೆದರೂ ಜೀವಂತ ಇರುತ್ತದೆ. ಮುಚ್ಚಳ ಇರುವ ಕಬ್ಬಿಣದ ಬಕೆಟ್‌ಗೆ ಹಾಕಿ, ಮನೆಯ ಆಚೆ ಇಡಿ. ಪ್ಲಾಸ್ಟಿಕ್ ಬುಟ್ಟಿ ಬೇಡ. ರಾಗಿ ಕೊಯ್ಲು ಮುಗಿದು ಹುಲ್ಲಿನ ಮೆದೆ ಹಾಕಿರುವ ತಿಂಗಳಲ್ಲಿ ತಿಪ್ಪೆಗೆ ಬೂದಿ ಎಸೆದರೆ ಒಂದು ಗಾಳಿ ಸಾಕು. ಪೂರ್ತಿ ತಣಿದ ಮೇಲೆ ತೆಂಗಿನ ಬುಡಕ್ಕೆ ಹಾಕಬಹುದು.

ಇವೆಲ್ಲ ನೋಡಿದ ಮೇಲೂ ಹೊಗೆ ನಿಲ್ಲದಿದ್ದರೆ ಒಲೆ ಹಚ್ಚುವುದು ನಿಲ್ಲಿಸಿ ಮೆಕಾನಿಕ್‌ಗೆ ಫೋನ್ ಮಾಡಿ. "ಹೊಗೆ ಬರ್ತಿದೆ" ಅಂತ ಮಾತ್ರ ಹೇಳಬೇಡಿ. ಹೊಗೆ ಹೊತ್ತಿಸುವಾಗ ಬರುತ್ತದೋ ಮಧ್ಯದಲ್ಲೋ, ಬಿಳಿಯೋ ಕರಿಯೋ, ಉರಿ ಯಾವ ಕಡೆ ವಾಲುತ್ತದೆ, ಕಿಟಕಿ ತೆರೆದರೆ ಕಡಿಮೆ ಆಗುತ್ತದೆಯೇ, ಪೆಲೆಟ್ ಯಾವುದರದ್ದು, ಫ್ಯಾನ್ ತಿರುಗುವಾಗ ಎಷ್ಟು ವೋಲ್ಟ್ ಇತ್ತು ಅನ್ನುವುದನ್ನು ಹೇಳಿ. ಉರಿಯುವಾಗ ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಯಾವ ಭಾಗ ಬೇಕಾಗಬಹುದು ಅಂತ ನೋಡಿಕೊಂಡು ನಾವು ಅದನ್ನು ಜೊತೆಗೇ ತರುತ್ತೇವೆ.